ಪಿಎಚ್ ಲೆಕ್ಕ: ಲಾಗ್ ಟೇಬಲ್ ಆಮೇಲೆ, ಆಮ್ಲ ಮೊದಲು

ಪಿಎಚ್ ಅಂದರೆ ಹೈಡ್ರೋಜನ್ ಅಯಾನಿನ ಸಾರತೆಯ ಲಾಗ್, ಚಿಹ್ನೆ ಬದಲಿಸಿ ಬರೆದದ್ದು. ಪಿಯುಸಿ ಮಕ್ಕಳು ಪಿಎಚ್ ಅಂದ ಕೂಡಲೇ ಲಾಗ್ ಟೇಬಲ್ ತೆಗೆಯುತ್ತಾರೆ. ಪ್ರಶ್ನೆಯಲ್ಲಿರುವ ಸಾರತೆಯನ್ನೇ ಹಾಕಿ ಲೆಕ್ಕ ಮುಗಿಸುತ್ತಾರೆ. ಅಂಕ ಹೋಗುವುದು ಇಲ್ಲೇ.

ಮೊದಲ ಹೆಜ್ಜೆ: ಆಮ್ಲ ಪ್ರಬಲವೋ ದುರ್ಬಲವೋ ನೋಡಿ. ಹೈಡ್ರೋಕ್ಲೋರಿಕ್ ಆಮ್ಲ ನೀರಿನಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯುತ್ತದೆ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಇದ್ದರೆ ಪಿಎಚ್ 1, ಅಷ್ಟೇ.

ಎರಡನೆಯದು ದುರ್ಬಲ ಆಮ್ಲ. ಇಲ್ಲಿ ನಿಧಾನ ಮಾಡಿ. ಅಸಿಟಿಕ್ ಆಮ್ಲ 0.1 ಮೋಲಾರ್ ಇದ್ದರೂ ಒಡೆಯುವುದು ನೂರಕ್ಕೆ ಒಂದು ಚಿಲ್ಲರೆ ಪಾಲು ಮಾತ್ರ. ಅದರ ಅಯಾನೀಕರಣ ಸ್ಥಿರಾಂಕ (ಎಷ್ಟು ಸುಲಭವಾಗಿ ಒಡೆಯುತ್ತದೆ ಅನ್ನುವ ಅಳತೆ) 1.8×10⁻⁵. ಇದನ್ನು ಸಾರತೆಯಿಂದ ಗುಣಿಸಿ: 1.8×10⁻⁶. ವರ್ಗಮೂಲ ತೆಗೆದರೆ 1.34×10⁻³. ಇದೇ ಹೈಡ್ರೋಜನ್ ಅಯಾನಿನ ಸಾರತೆ. ಆಮ್ಲ 0.01 ಮೋಲಾರ್ ಆಗಿದ್ದರೆ ಗುಣಲಬ್ಧ 1.8×10⁻⁷. ಬೆಸ ಘಾತಕ್ಕೆ ವರ್ಗಮೂಲ ತೆಗೆಯಲು ಹೋಗಿ ಎಷ್ಟೋ ಮಕ್ಕಳು ಎಡವುತ್ತಾರೆ. ಅದನ್ನು 18×10⁻⁸ ಅಂತ ಬರೆದುಕೊಳ್ಳಿ. ಉತ್ತರ 4.24×10⁻⁴, ಸಲೀಸು.

ಈಗ 0.1 ಮೋಲಾರ್‌ನ 1.34×10⁻³ಕ್ಕೆ ಲಾಗ್. 1.34ರ ಲಾಗ್ 0.13. ಅದನ್ನು ಘಾತದ 3ರಿಂದ ಕಳೆಯಬೇಕು, ಕೂಡಿಸಬಾರದು. ಪಿಎಚ್ 2.87. ಸಂಖ್ಯೆ 10⁻³ ಮತ್ತು 10⁻²ರ ನಡುವೆ ಇದೆ, ಹಾಗಾಗಿ ಪಿಎಚ್ 2 ಮತ್ತು 3ರ ನಡುವೆಯೇ ಇರಬೇಕು, ಅಲ್ವಾ? 3.13 ಬಂದರೆ ಕೂಡಿಸಿದ್ದೀರಿ ಅಂತಲೇ ಅರ್ಥ. ಲಾಗ್ 2 ಅಂದರೆ 0.30, ಲಾಗ್ 3 ಅಂದರೆ 0.48. ಇವೆರಡನ್ನು ಬಾಯಿಪಾಠ ಮಾಡಲೇಬೇಕು. ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ.

ಲ್ಯಾಬ್‌ನಲ್ಲಿ ಪಿಎಚ್ ಪೇಪರ್ ಅದ್ದಿ ಈ ಉತ್ತರ ತಾಳೆ ನೋಡಲು ಹೋಗಬೇಡಿ. ಸಾಮಾನ್ಯ ಪೇಪರ್‌ನ ಬಣ್ಣ 2.87ಕ್ಕೂ 3ಕ್ಕೂ ವ್ಯತ್ಯಾಸ ತೋರಿಸುವುದಿಲ್ಲ. ತೇವ ತಗುಲಿದ್ದಂತೂ ಬೇಡವೇ ಬೇಡ.

ಪ್ರತ್ಯಾಮ್ಲಕ್ಕೆ ಮೊದಲು ಪಿಒಎಚ್ (ಹೈಡ್ರಾಕ್ಸೈಡ್ ಅಯಾನಿನ ಸಾರತೆಗೆ ಇದೇ ಲಾಗ್ ಲೆಕ್ಕ) ತೆಗೆಯಿರಿ, ಆಮೇಲೆ 14ರಿಂದ ಕಳೆಯಿರಿ. ಈ 14 ಅನ್ನುವುದು 25 ಡಿಗ್ರಿ ಸೆಲ್ಸಿಯಸ್‌ಗೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆದರೆ ಸಾರತೆಯನ್ನು 2ರಿಂದ ಗುಣಿಸುವುದು ಮರೆಯಬೇಡಿ.

ಇನ್ನು ಪರೀಕ್ಷಕರಿಗೆ ಪ್ರಿಯವಾದ ಪ್ರಶ್ನೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಸುಮ್ನೆ 8 ಅಂತ ಬರೆದರೆ ಆಮ್ಲವನ್ನು ಪ್ರತ್ಯಾಮ್ಲ ಮಾಡಿದಂತೆ. ಶುದ್ಧ ನೀರಿನಲ್ಲೇ 10⁻⁷ ಮೋಲಾರ್ ಹೈಡ್ರೋಜನ್ ಅಯಾನು ಇರುತ್ತದೆ. ಎರಡನ್ನೂ ಕೂಡಿಸಿ 1.1×10⁻⁷ ಅನ್ನುವ ಅಡ್ಡದಾರಿಯಲ್ಲಿ 6.96 ಬರುತ್ತದೆ. ಅದೂ ಸರಿಯಿಲ್ಲ. ಆಮ್ಲ ಸೇರಿದಾಗ ನೀರು ಒಡೆಯುವುದು ಕಡಿಮೆಯಾಗುತ್ತದೆ. ವರ್ಗಸಮೀಕರಣ ಬಿಡಿಸಿ, 1.05×10⁻⁷ ಬರುತ್ತದೆ. ಪಿಎಚ್ 6.98.