ಲೆನ್ಸಿನ ಸ್ಟೆಬಿಲೈಸೇಶನ್, ಬಾಡಿಯ ಸ್ಟೆಬಿಲೈಸೇಶನ್: ಎರಡನ್ನೂ ಜೊತೆಗೆ ದುಡಿಸಿದ ನನ್ನ ಅನುಭವ

ದೇವಾಲಯಗಳ ಒಳಾಂಗಣದ ಫೋಟೊ ತೆಗೆಯುವುದು ನನ್ನ ಬಹುಕಾಲದ ಆಸೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಹಾಗಾಗಿ ನನ್ನ ಕೆಲಸ ಬಹುಪಾಲು ಕೈಯಲ್ಲೇ ನಡೆಯುತ್ತದೆ. ಅದರಲ್ಲೂ ಬೇಲೂರು ಚೆನ್ನಕೇಶವನ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ, ಕಠಿಣ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಅದು ತೆರೆದಿತ್ತು. ಆಮೇಲೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸುತ್ತಲೂ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಬಂದವು. ಆ ರಂಧ್ರಗಳಲ್ಲಿ ಸೋಸಿ ಬರುವ ಬೆಳಕೇ ಅಲ್ಲಿನ ಸೊಗಸು, ಫೋಟೊಗ್ರಾಫರನಿಗೆ ಅದೇ ಕಷ್ಟ. ಫ್ಲ್ಯಾಶ್ ಹಾಕಿದರೆ ಕಂಬದ ಮೇಲಿನ ನುಣುಪೂ ನೆರಳೂ ಎರಡೂ ಹೋಗುತ್ತವೆ. ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ, ಏರಿಸಿದರೆ ಕಲ್ಲಿನ ಮೈಯ ಸೂಕ್ಷ್ಮ ಗೆರೆಗಳು ಕಲೆಸಿಹೋಗುತ್ತವೆ. ಉಳಿದ ದಾರಿಯೆಂದರೆ ಶಟರನ್ನು ನಿಧಾನ ಮಾಡಿ, ಕೈಯ ಅಲುಗಾಟವನ್ನು ಕ್ಯಾಮೆರಾದಿಂದಲೇ ತಡೆಸುವುದು. ಇದಕ್ಕೇ ಇಮೇಜ್ ಸ್ಟೆಬಿಲೈಸೇಶನ್, ಚಿಕ್ಕದಾಗಿ ಐಎಸ್, ಎನ್ನುವುದು. ಲೆನ್ಸಿನಲ್ಲಾದರೆ ಒಳಗಿನ ಗಾಜು, ಬಾಡಿಯಲ್ಲಾದರೆ ಬಿಂಬ ಹಿಡಿಯುವ ಸೆನ್ಸಾರ್ ಸರಿದು ಅಲುಗಾಟವನ್ನು ತಿದ್ದುತ್ತದೆ.

ನನ್ನ ಬಳಿ ಇರುವುದು ಒಲಿಂಪಸ್ ಇ-ಎಂ1 ಮಾರ್ಕ್ 2 ಬಾಡಿ ಮತ್ತು 12-100 ಎಂಎಂ ಎಫ್/4 ಐಎಸ್ ಪ್ರೊ ಲೆನ್ಸ್, ಎರಡೂ 2016ರವು. ಬಾಡಿ ಒಂದೇ ಆದರೆ 5.5 ಸ್ಟಾಪ್, ಈ ಲೆನ್ಸ್ ಸೇರಿದರೆ 6.5 ಸ್ಟಾಪ್ ಎಂದು ಕಂಪನಿ ಹೇಳಿತ್ತು. ಒಂದೊಂದು ಸ್ಟಾಪಿಗೂ ಶಟರನ್ನು ಎರಡರಷ್ಟು ಹೊತ್ತು ತೆರೆದಿಡಬಹುದು ಎಂದರ್ಥ. ಬಾಡಿಯದು ಐದು, ಲೆನ್ಸಿನದು ಐದು, ಒಟ್ಟು ಹತ್ತು ಎಂದು ಕೂಡಿಸುವ ಗೆಳೆಯರು ನನಗೆ ಆಗಾಗ ಸಿಗುತ್ತಾರೆ. ಲೆಕ್ಕ ಹಾಗೆ ನಡೆಯುವುದಿಲ್ಲ. ಇಬ್ಬರು ಸೇರಿ ಮಂಚ ಎತ್ತುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಬೇಕು. ಲೆನ್ಸ್ ಮತ್ತು ಬಾಡಿ ಒಂದೇ ಅಲುಗಾಟವನ್ನು ಪರಸ್ಪರ ಗೊತ್ತಿಲ್ಲದೆ ಎರಡೆರಡು ಸಲ ತಿದ್ದಿದರೆ ತಿದ್ದುಪಡಿ ಹೆಚ್ಚಾಗಿ, ಅದೇ ಹೊಸ ಅಲುಗಾಟವಾಗುತ್ತದೆ. ಹಾಗಾಗಿ ನಾನು ಮೊದಲು ಕೇಳಿಕೊಳ್ಳುವುದು ಎಷ್ಟು ಸ್ಟಾಪ್ ಎಂದಲ್ಲ, ಯಾವ ಅಲುಗಾಟವನ್ನು ಯಾರು ತಿದ್ದುತ್ತಾರೆ ಎಂದು.

ಕೈಯಲ್ಲಿ ಹಿಡಿದ ಕ್ಯಾಮೆರಾದ ಅಲುಗಾಟಗಳಲ್ಲಿ ಐಎಸ್ ತಿದ್ದುವುದು ಐದು ಬಗೆ. ಮೂತಿ ಮೇಲೆ-ಕೆಳಗೆ ಬಾಗುವುದು, ಎಡ-ಬಲಕ್ಕೆ ಹೊರಳುವುದು, ಇಡೀ ಕ್ಯಾಮೆರಾ ಪಕ್ಕಕ್ಕೆ ಅಥವಾ ಮೇಲೆ-ಕೆಳಗೆ ಸರಿಯುವುದು, ಜೊತೆಗೆ ಲೆನ್ಸಿನ ನಡುಗೆರೆಯ ಸುತ್ತ ತಿರುಚಿಕೊಳ್ಳುವುದು. ಮೊದಲೆರಡನ್ನು ಲೆನ್ಸಿನೊಳಗಿನ ಗಾಜು ಚೆನ್ನಾಗಿ ತಿದ್ದುತ್ತದೆ, ದೂರದ್ದನ್ನು ಹತ್ತಿರ ತರುವ ಟೆಲಿಯಲ್ಲಂತೂ ಬಾಡಿಗಿಂತ ಚೆನ್ನಾಗಿ. ಕಾರಣ ಸರಳ. ಕ್ಯಾಮೆರಾ ಅರ್ಧ ಡಿಗ್ರಿ ಬಾಗಿದರೆ 12 ಎಂಎಂನಲ್ಲಿ ಬಿಂಬ ಸೆನ್ಸಾರ್ ಮೇಲೆ ಸುಮಾರು 0.1 ಮಿಲಿಮೀಟರ್ ಜಾರುತ್ತದೆ, 300 ಎಂಎಂನಲ್ಲಿ 2.6 ಮಿಲಿಮೀಟರ್. ಅಷ್ಟು ದೂರ ಸೆನ್ಸಾರ್ ಓಡಾಡಲು ಬಾಡಿಯೊಳಗೆ ಜಾಗ ಸಾಲದು. ಆದರೆ ತಿರುಚುವಿಕೆಯನ್ನು ಯಾವ ಲೆನ್ಸೂ ತಿದ್ದಲಾರದು, ದುಂಡಗಿನ ಗಾಜನ್ನು ಎಷ್ಟು ತಿರುಗಿಸಿದರೂ ಬಿಂಬ ತಿರುಗುವುದಿಲ್ಲ. ಅದಕ್ಕೆ ಸೆನ್ಸಾರೇ ತಿರುಗಬೇಕು.

ಬೇಲೂರಿನ ಭುವನೇಶ್ವರಿ ಎಂಬ ಕೆತ್ತನೆಯ ಒಳಛಾವಣಿಯನ್ನು ತೆಗೆಯುವಾಗ ಇದು ಕಣ್ಣಿಗೇ ಕಾಣುತ್ತದೆ. ತಲೆಯ ಮೇಲಿನ ಆ ಕೆತ್ತನೆಗೆ 12 ಎಂಎಂ, ಅರ್ಧ ಸೆಕೆಂಡು. ಬಲಗೈ ಬೆರಳು ಬಟನ್ ಒತ್ತುವ ಕ್ಷಣದಲ್ಲಿ ಬಾಡಿಯ ಬಲತುದಿ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಅಂದರೆ ಕ್ಯಾಮೆರಾ ತಿರುಚಿಕೊಳ್ಳುತ್ತದೆ. ಫೋಟೊದ ನಡುಭಾಗ ಹರಿತವಾಗಿದ್ದು ನಾಲ್ಕೂ ಮೂಲೆಗಳಲ್ಲಿ ಕೆತ್ತನೆ ಕಮಾನಿನಂತೆ ಎಳೆದುಕೊಂಡಿದ್ದರೆ ಅದು ಈ ತಿರುಚುವಿಕೆಯ ಗುರುತು. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಿದ್ದರೆ ಬಾಗು ಅಥವಾ ಹೊರಳು. ನನ್ನ ಮಟ್ಟಿಗೆ ಯಾವ ಸ್ಟಾಪ್ ಲೆಕ್ಕಕ್ಕಿಂತ ಈ ಗುರುತು ಹಿಡಿಯುವುದೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಅಂದಹಾಗೆ 6.5 ಸ್ಟಾಪ್ ಎಂಬ ಅಂಕಿ 100 ಎಂಎಂ ತುದಿಯಲ್ಲಿ ಬಾಗು-ಹೊರಳುಗಳನ್ನು ಮಾತ್ರ ಅಳೆದು ಕೊಟ್ಟದ್ದು. 12 ಎಂಎಂನ ವೈಡ್ ತುದಿಯಲ್ಲಿ ಮೂಲೆಗಳ ಗತಿ ಏನು ಎಂಬುದನ್ನು ಅದು ಹೇಳುವುದಿಲ್ಲ.

ನಾನು ಅಲ್ಲಿ ಮಾಡುವುದು ಹೀಗೆ. ಬದಿಯ ಜಗಲಿಯ ಮೇಲೆ ಕೂತು, ಕ್ಯಾಮೆರಾ ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿಯುತ್ತೇನೆ. ಕೆತ್ತನೆಯ ಕಂಬಕ್ಕೆ ಒರಗುವುದಿಲ್ಲ, ಒಂಬೈನೂರು ವರ್ಷದ ಕೆಲಸ ಅದು. ಲೆನ್ಸಿನ ಮೇಲಿನ ಐಎಸ್ ಸ್ವಿಚ್ ಆನ್. ಬಾಡಿಯ ಮೆನು ಏನೇ ಇದ್ದರೂ ಈ ಸ್ವಿಚ್ಚಿನದೇ ಮೇಲುಗೈ, ಚೀಲದಲ್ಲಿ ಉಜ್ಜಿ ಅದು ಆಫ್ ಆಗಿದ್ದರೆ ಲೆನ್ಸಿನ ಐಎಸ್ಸೂ ಇಲ್ಲ, ಬಾಡಿಯದೂ ಇಲ್ಲ. ಶಟರ್ ಸೈಲೆಂಟ್, ಬರ್ಸ್ಟ್ (ಬೆರಳು ಒತ್ತಿರುವಷ್ಟು ಹೊತ್ತು ಒಂದರ ಹಿಂದೊಂದು ಫೋಟೊ) ನಿಧಾನದ್ದು. ಅರ್ಧ ಒತ್ತಿ, ವ್ಯೂಫೈಂಡರಿನಲ್ಲಿ ಬಿಂಬ ನೆಲೆನಿಂತ ಮೇಲೆ ಉಸಿರು ಬಿಡುತ್ತಾ ಪೂರ್ತಿ ಒತ್ತಿ ಬೆರಳನ್ನು ಹಾಗೇ ಇಡುತ್ತೇನೆ. ಮೊದಲ ಫ್ರೇಮಿನಲ್ಲಿ ಬೆರಳಿನ ಒತ್ತಡ ಇರುತ್ತದೆ, ಎರಡನೆಯದೋ ಮೂರನೆಯದೋ ಹರಿತ. 12 ಎಂಎಂನಲ್ಲಿ ಒಂದು ಸೆಕೆಂಡು ನನಗೆ ಭರವಸೆಯಿಂದ ಸಿಗುತ್ತದೆ. ಅದಕ್ಕಿಂತ ಹೆಚ್ಚು ಸಿಕ್ಕರೆ ಅದು ಆ ದಿನದ ಕೈಗುಣ. ನಡೆದು ಹೋಗುವ ಭಕ್ತರು ಮಾತ್ರ ಮಸುಕಾಗುತ್ತಾರೆ. ಸ್ಟೆಬಿಲೈಸೇಶನ್ ನಮ್ಮ ಅಲುಗಾಟವನ್ನು ತಡೆಯುತ್ತದೆ, ಅವರ ನಡಿಗೆಯನ್ನಲ್ಲ.

ರಂಗನತಿಟ್ಟಿಗೆ ಹೋಗುವಾಗ ಇದೇ ಬಾಡಿಗೆ ಪ್ಯಾನಾಸೋನಿಕ್‌ನ 100-300 ಹಾಕುತ್ತೇನೆ. ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ಒಂದೇ. ಆದರೆ ಎರಡು ಕಂಪನಿಗಳ ವ್ಯವಸ್ಥೆಗಳು ಮಾತಾಡಿಕೊಳ್ಳುವುದಿಲ್ಲ. ಪ್ಯಾನಾಸೋನಿಕ್ 2015ರ ಜಿಎಕ್ಸ್8ನಿಂದ ಕೊಡುತ್ತಿರುವ, ಲೆನ್ಸೂ ಬಾಡಿಯೂ ಕೂಡಿ ದುಡಿಯುವ ಡ್ಯುಯಲ್ ಐಎಸ್ ಅದರದೇ ಬಾಡಿಗಳಲ್ಲಿ ಮಾತ್ರ. ಇಲ್ಲಿ ಲೆನ್ಸ್ ಅಥವಾ ಬಾಡಿ, ಎರಡರಲ್ಲೊಂದರ ಐಎಸ್ ಆಯ್ದುಕೊಳ್ಳಬೇಕು. 300ರಲ್ಲಿ ನಾನು ಲೆನ್ಸಿನದನ್ನೇ ಆಯ್ದುಕೊಳ್ಳುತ್ತೇನೆ, ವ್ಯೂಫೈಂಡರಿನಲ್ಲಿ ಕೊಕ್ಕರೆ ಕುಣಿಯದೆ ನಿಲ್ಲುತ್ತದೆ. ಗೂಡಿನಲ್ಲಿ ನಿಂತ ಬಣ್ಣದ ಕೊಕ್ಕರೆಗೆ ಅದರ ಲಾಭ ದೊಡ್ಡದು. ಹಾರುವ ಹಕ್ಕಿಗೆ ಶಟರ್ ಹೇಗೂ 1/1000ಕ್ಕಿಂತ ವೇಗ, ಅಲ್ಲಿ ಐಎಸ್ ಇರುವುದು ಹಕ್ಕಿಯನ್ನು ಚೌಕಟ್ಟಿನಲ್ಲಿ ಇಟ್ಟುಕೊಳ್ಳಲು ಮಾತ್ರ. ದೋಣಿಯ ನಿಧಾನ ತೂಗಾಟವನ್ನು ಯಾವುದೂ ಪೂರ್ತಿ ತಡೆಯದು. ಅದಕ್ಕೆ ಅಂಬಿಗರನ್ನು ಒಂದು ನಿಮಿಷ ಹುಟ್ಟು ನಿಲ್ಲಿಸಿ ಎಂದು ಕೇಳಿಕೊಳ್ಳುವುದೇ ಮದ್ದು.

ಬೇರೆ ಕ್ಯಾಮೆರಾ ಇರುವವರಿಗೆ ಒಂದೆರಡು ಮಾತು. ಸೋನಿಯಲ್ಲಿ ಒಎಸ್‌ಎಸ್ ಲೆನ್ಸ್ (ಒಳಗೇ ಸ್ಟೆಬಿಲೈಸೇಶನ್ ಇರುವುದು) ಹಾಕಿದರೆ ಬಾಗು-ಹೊರಳು ಲೆನ್ಸಿಗೆ, ಉಳಿದ ಮೂರು ಬಾಡಿಗೆ. ಕ್ಯಾನನ್ 2020ರ ಆರ್5ನಿಂದ ಎರಡನ್ನೂ ಕೂಡಿಸಿ, ಕೆಲವು ಲೆನ್ಸುಗಳ ಜೊತೆ 8 ಸ್ಟಾಪ್ ತನಕ ಎನ್ನುತ್ತದೆ. ಅಡಾಪ್ಟರ್ ಮೇಲೆ ಹಳೆಯ ಮ್ಯಾನ್ಯುಯಲ್ ಲೆನ್ಸ್ ಹಾಕುವವರು ಅದರ ಫೋಕಲ್ ಲೆಂಗ್ತನ್ನು ಬಾಡಿಗೆ ತಾವೇ ತಿಳಿಸಬೇಕು. 50ರ ಲೆನ್ಸಿಗೆ 135 ಎಂದಿದ್ದರೆ ಸೆನ್ಸಾರ್ ಬೇಕಾದದ್ದಕ್ಕಿಂತ ಹೆಚ್ಚು ಓಡಿ ಚಿತ್ರ ಕೆಡುತ್ತದೆ. ಒಂದೇ ಕಂಪನಿಯದಾದರೆ ಎಲ್ಲವೂ ಹೊಂದುತ್ತದೆ ಎಂದೂ ನಂಬಬೇಡಿ. ಒಲಿಂಪಸ್‌ನದೇ 2020ರ 100-400ರಲ್ಲಿ ಐಎಸ್ ಇದೆ, ಆದರೆ ನನ್ನ 12-100ರಂತೆ ಬಾಡಿಯೊಂದಿಗೆ ಐದೂ ಅಕ್ಷಗಳಲ್ಲಿ ಹೊಂದಿ ನಡೆಯುವ ಸಿಂಕ್ ಐಎಸ್ ಇಲ್ಲ. ಲೆನ್ಸ್ ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ಬಾಡಿಗೆ ಹಾಕಿ, ಐಎಸ್ ಸ್ವಿಚ್ ಆನ್ ಇಟ್ಟು ಒಮ್ಮೆ, ಆಫ್ ಇಟ್ಟು ಒಮ್ಮೆ, ಎದುರಿನ ಗೋಡೆಯ ಕ್ಯಾಲೆಂಡರನ್ನು ಕಾಲು ಸೆಕೆಂಡಿನಲ್ಲಿ ತೆಗೆದು ಮೂಲೆಯ ಅಂಕಿಗಳನ್ನು ದೊಡ್ಡದು ಮಾಡಿ ನೋಡಿ.