ಅರವತ್ತು ದಾಟಿದ ಮೇಲೆ ತೂಕ ಇಳಿಸುವ ಆಪರೇಷನ್: ಸಹಿ ಹಾಕುವ ಮೊದಲು

"ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಬೇರಿಯಾಟ್ರಿಕ್ ಸರ್ಜರಿ ಅಂದ ಕೂಡಲೇ ಮನೆಯಲ್ಲಿ ಬರುವ ಮಾತು ಇದೇ. ಆದರೆ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇಂತಿಷ್ಟೇ ವಯಸ್ಸು ಎಂದು ಗೆರೆ ಎಳೆದಿಲ್ಲ. ವಯಸ್ಸಿಗಿಂತ ದೇಹದ ಕಸುವು ನೋಡಿ ಎನ್ನುತ್ತದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದು ಕೂರಿ, ಎದ್ದು ಕೂರಿ. ಪಕ್ಕದಲ್ಲಿ ಒಬ್ಬರು ನಿಂತು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ ಎಂದು ಎಣಿಸಲಿ. 65–69ರ ಗಂಡಸರಿಗೆ 12, ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಎಂದರ್ಥ. ಆಪರೇಷನ್ ಆದಮೇಲೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಹಾಗಾಗಿ ಇಂಥವರು ಮೊದಲು ಫಿಸಿಯೋಥೆರಪಿ ಮಾಡಿಸಿಕೊಳ್ಳುವುದೇ ಸರಿ. ಸ್ವಲ್ಪ ತಡವಾದರೆ ಆಗಲಿ.

ಆಮೇಲೆ ಬಿಎಂಐ ಲೆಕ್ಕ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಅಳತೆ. 155 ಸೆಂ.ಮೀ. ಎತ್ತರ, 90 ಕೆ.ಜಿ. ತೂಕ ಇದ್ದರೆ ಸುಮಾರು 37.5. ಮಾರ್ಗಸೂಚಿ ಪ್ರಕಾರ 35 ದಾಟಿದವರಿಗೆ, ಶುಗರ್ ಇದ್ದರೆ 30 ದಾಟಿದವರಿಗೆ ಆಪರೇಷನ್ ಹೇಳಬಹುದು. ಏಷ್ಯಾದವರಾದ ನಮಗೆ 27.5 ದಾಟಿದರೂ ಯೋಚಿಸಬಹುದು. ವಿಮೆಯ ನಿಯಮ ಮಾತ್ರ ಬಿಗಿ: 40 ಇರಬೇಕು, ಇಲ್ಲವೇ 35ರ ಜೊತೆ ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವುದು) ಥರದ ಕಾಯಿಲೆ ಇರಬೇಕು. ಡಾಕ್ಟರ್ ಸರಿ ಅಂದರು ಎಂದು ಕ್ಲೇಮ್ ಸಿಗುವುದಿಲ್ಲ. ಒಪ್ಪಿಗೆಯನ್ನು ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ.

2025ರಲ್ಲಿ ತೂಕ ಇಳಿಸುವ ಮೌಂಜಾರೋ, ವೆಗೋವಿ ಇಂಜೆಕ್ಷನ್‌ಗಳೂ ನಮ್ಮಲ್ಲಿಗೆ ಬಂದಿವೆ. ಅವು ನಿಮಗೆ ಸಾಕಾಗುತ್ತವಾ ಎಂದು ಕೇಳಿಬಿಡಿ.

ಯಾವ ಆಪರೇಷನ್? ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದು, ಬಾಳೆಹಣ್ಣಿನ ಹಾಗೆ ಸಣ್ಣಗೆ ಉಳಿಸುತ್ತಾರೆ. ತೆಗೆದದ್ದು ವಾಪಸ್ ಬರುವುದಿಲ್ಲ. ಎದೆಯುರಿ, ಹುಳಿತೇಗು ಜಾಸ್ತಿ ಇರುವವರಿಗೆ ಇದರಿಂದ ತೊಂದರೆ ಹೆಚ್ಚಬಹುದು. ಅಂಥವರಿಗೆ ಸಾಮಾನ್ಯವಾಗಿ ಬೈಪಾಸ್ ವಾಸಿ. ಇದು ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸುವುದು. ಎಂಡೋಸ್ಕೋಪಿ, ಎಕೋ (ಹೃದಯದ ಸ್ಕ್ಯಾನ್) ಸಾಮಾನ್ಯವಾಗಿ ಮಾಡಿಸುತ್ತಾರೆ. ಮೂಳೆ ಸಾಂದ್ರತೆಯ ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ, ಮುಟ್ಟು ನಿಂತ ಹೆಂಗಸರಂತೂ ಬಿಡಲೇಬೇಡಿ.

ನಿಜವಾದ ಕಷ್ಟ ಇರುವುದು ತಟ್ಟೆಯ ಮುಂದೆ. ಮೊದಲು ಬರೀ ನೀರಾದ ಆಹಾರ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಬಂದಮೇಲೂ ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಅಷ್ಟೇ! ಆದ್ದರಿಂದ ಮೊದಲ ತುತ್ತು ಕಾಳು, ಪನೀರ್, ಮೊಟ್ಟೆ ಅಥವಾ ಮೀನಿನದಾಗಿರಲಿ. ಆಮೇಲೆ ಪಲ್ಯ. ಅನ್ನ, ಮುದ್ದೆ ಕೊನೆಗೆ, ಜಾಗ ಉಳಿದರೆ. ಮುದ್ದೆ ನುಂಗಿ ಅಭ್ಯಾಸವಾದವರು ಅಗಿದು ತಿನ್ನುವುದನ್ನು ಕಲಿಯಬೇಕು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಮದುವೆಮನೆಯಲ್ಲಿ "ಇನ್ನೊಂದು ಹೋಳಿಗೆ" ಎಂದು ಎಲೆಗೆ ಹಾಕುವವರನ್ನು ತಡೆಯಲು ಪಕ್ಕದಲ್ಲಿ ಮನೆಯವರೊಬ್ಬರು ಕೂತಿರಲಿ. ಬೈಪಾಸ್ ಆದವರಿಗೆ ಸಿಹಿ ಜಾಸ್ತಿಯಾದರೆ ಬೆವರು, ತಲೆಸುತ್ತು, ಭೇದಿ ಶುರುವಾಗಬಹುದು.

ಮಾತ್ರೆಗಳ ಪಟ್ಟಿಯನ್ನು ಆಪರೇಷನ್‌ಗೆ ಮೊದಲೇ ಡಾಕ್ಟರ ಮುಂದಿಡಿ. ಶುಗರ್, ಬಿಪಿ ಮಾತ್ರೆಗಳ ಅಳತೆಯನ್ನು ಕೆಲವೇ ದಿನಗಳಲ್ಲಿ ಇಳಿಸಬೇಕಾಗಬಹುದು. ಸುಮ್ನೆ ಹಳೆಯದನ್ನೇ ನುಂಗುತ್ತಿದ್ದರೆ ಶುಗರ್ ಕುಸಿದು ಬೀಳಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಇನ್ನು ಮಂಡಿನೋವಿಗೆ ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್: ಬೈಪಾಸ್ ಆದಮೇಲೆ ಇವು ಹೊಟ್ಟೆಯೊಳಗೆ ಹುಣ್ಣು ಮಾಡಬಹುದು. ಬದಲಿಗೆ ಯಾವುದು ತಗೊಳ್ಳಬಹುದು ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.