ಹೆಪ್ಪು ಹಾಕದ ಲೋಟ

ಎಂಟನೇ ಕ್ಲಾಸಿಗೆ ವೈಜ್ಞಾನಿಕ ವಿಧಾನವನ್ನು ಮೊಸರಿನಲ್ಲಿ ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. "ಮೇಡಂ, ಮಜ್ಜಿಗೆ ಯಾವಾಗ?" ಅಂತ ನಮ್ಮ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು ದಿನಾ ಕೇಳುತ್ತಿದ್ದರು. ಮೂರು ವರ್ಷ ಕೇಳಿದರು. ಈ ಜೂನ್‌ನಿಂದ ಕೇಳುತ್ತಿಲ್ಲ. ಅವರ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಈ ಪ್ರಯೋಗದಲ್ಲಿ ಕಂಟ್ರೋಲ್ ಯಾವುದು?" ಅಂದಳಂತೆ. ಕಂಟ್ರೋಲ್ ಅಂದರೆ ಹೋಲಿಸಿ ನೋಡಲು ಏನೂ ಮಾಡದೆ ಬಿಟ್ಟದ್ದು.

ಮೊದಲು ನಾನೂ ಎಲ್ಲರ ಹಾಗೆ ಕಾಳು ಮೊಳಕೆ ಮಾಡಿಸುತ್ತಿದ್ದೆ. ಮಕ್ಕಳು ತೀರ್ಮಾನವನ್ನು ಹಿಂದಿನ ದಿನವೇ ಬರೆದುಕೊಂಡು ಬರುತ್ತಿದ್ದರು. ನೀರಿಲ್ಲದಿದ್ದರೆ ಮೊಳೆಯಲ್ಲ ಅನ್ನುವುದು ರೈತರ ಮಕ್ಕಳಿಗೆ ಗೊತ್ತಿಲ್ಲವೇ? ಆಮೇಲೆ ಬ್ರೆಡ್ಡಿನ ಬೂಸ್ಟು. ಅದನ್ನು ಇಲಿ ತಿಂದಿತು. ನಡುವೆ ಡಬ್ಬದ ಮೇಲೆ "1600 ಪಟ್ಟು" ಅಂತ ಬರೆದಿದ್ದ ಯುಎಸ್‌ಬಿ ಮೈಕ್ರೋಸ್ಕೋಪಿಗೆ ಸುಮಾರು 1,500 ರೂಪಾಯಿ ಸುರಿದೆ. ಈರುಳ್ಳಿ ಸಿಪ್ಪೆ ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯಾ ಕನಸಿನ ಮಾತು. ದುಡ್ಡು ನನ್ನದೇ, ಬಿಲ್ಲು ಪಾಸಾಗಲಿಲ್ಲ.

ಮೊಸರು ಹೊಳೆದದ್ದು ಅಡುಗೆಮನೆಯಲ್ಲಿ. ನಮ್ಮ ಹಾಸನದ ಕಡೆ ಡಿಸೆಂಬರಿನಲ್ಲಿ ಬೆಳಿಗ್ಗೆ ಹೊತ್ತಿಗೆ ಮೊಸರು ಹೆಪ್ಪುಗಟ್ಟಿರುವುದಿಲ್ಲ. ಯಾಕೆ ಅಂತ ಕೇಳಿದರೆ ಮನೆಗೊಂದು ಉತ್ತರ. ಹೆಪ್ಪು ಕಡಿಮೆಯಾಯಿತು, ಹಾಲು ಆರಿಹೋಗಿತ್ತು, ಪಾತ್ರೆ ಅಲ್ಲಾಡಿಸಿದರು, ಕಣ್ಣು ಬಿತ್ತು. ಎಲ್ಲರಿಗೂ ಅಭಿಪ್ರಾಯ ಇದೆ, ಯಾರೂ ಪರೀಕ್ಷೆ ಮಾಡಿಲ್ಲ. ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತೆ?

ಮೊದಲ ವರ್ಷ 24 ಸ್ಟೀಲ್ ಲೋಟ. ನಾಲ್ಕಕ್ಕೆ ಹೆಪ್ಪೇ ಹಾಕಿರಲಿಲ್ಲ, ಅದು ಕಂಟ್ರೋಲ್. ಮಾರನೆ ದಿನ ನೋಡಿದರೆ ಅದರಲ್ಲೂ ಮೂರು ಗಟ್ಟಿ ಮೊಸರು! ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ನೆಲ ಕುಸಿದ ಹಾಗಾಯಿತು. ಒಂದೇ ಚಮಚದಲ್ಲಿ ಎಲ್ಲ ಲೋಟ ಕಲಕಿದ್ದೆವು. ಅವಮಾನ ಅಂತ ಆ ದಿನ ಮುಚ್ಚಿಟ್ಟೆ, ಅದು ನನ್ನ ತಪ್ಪು. ಈಗ ಪ್ರತಿ ವರ್ಷ ಬೇಕಂತಲೇ ಮೊದಲ ಸಲ ಒಂದೇ ಚಮಚ ಕೊಡುತ್ತೇನೆ. ಕಂಟ್ರೋಲ್ ಕೆಟ್ಟರೆ ಏನಾಗುತ್ತೆ ಅಂತ ಬಾಯಲ್ಲಿ ಹೇಳಬೇಕಾಗಿಲ್ಲ.

ಎರಡನೇ ವರ್ಷ ಒಂದು ತಂಡದ ಐದೂ ಲೋಟ ಹಾಲಾಗಿಯೇ ಉಳಿದವು. ಅದೇ ಹೆಪ್ಪು, ಅದೇ ಪೆಟ್ಟಿಗೆ. ಪಕ್ಕದ ತಂಡದ್ದು ಚಾಕುವಿನಲ್ಲಿ ಕತ್ತರಿಸುವ ಹಾಗಿತ್ತು. ಹೆಪ್ಪು ಬದಲಿಸಿದೆವು, ಲೋಟ ಬದಲಿಸಿದೆವು, ಆಗಲಿಲ್ಲ. ಎರಡು ಹಾಲನ್ನು ಅರ್ಧರ್ಧ ಬೆರೆಸಿದರೆ ಅದೂ ನೀರು ನೀರು. ಹಾಗಾದರೆ ಹಾಲಿನಲ್ಲೇ ಏನೋ ಇದೆ ಅಂದಾಯಿತು. ಹಾಲು ತಂದ ಹುಡುಗಿ ಮನೆಗೆ ಹೋಗಿ ಕೇಳಿಕೊಂಡು ಬಂದಳು. ಹಸುವಿಗೆ ಕೆಚ್ಚಲು ಬಾವು ಆಗಿ ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದರಂತೆ. ಆಂಟಿಬಯಾಟಿಕ್ ಹಾಲಿಗೆ ಇಳಿದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯಲ್ಲ. ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಕುಡಿಯಬಾರದು, ಡೈರಿಗೂ ಹಾಕಬಾರದು ಅನ್ನುವುದು ಇದಕ್ಕೇ. ಒಂದು ವಾರ ಬಿಟ್ಟು ಅದೇ ಹಸುವಿನ ಹಾಲು ತಂದಳು. ಹೆಪ್ಪುಗಟ್ಟಿತು. ಪಠ್ಯದಲ್ಲಿ ಆಂಟಿಬಯಾಟಿಕ್ ಬಗ್ಗೆ ಇರುವುದನ್ನು ನಾನು ಆ ವರ್ಷ ಓದಿಸಲೇ ಇಲ್ಲ, ಎಫ್‌ಎ ಪರೀಕ್ಷೆಯಲ್ಲಿ ಎಲ್ಲರೂ ಬರೆದರು.

ಇನ್ನು ಮೆಣಸಿನಕಾಯಿ ತೊಟ್ಟು. ಹೆಪ್ಪು ಇಲ್ಲದಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿದರೆ ಮೊಸರಾಗುತ್ತೆ ಅನ್ನುವುದು ನಿಮಗೂ ಗೊತ್ತು. ಮೂರನೇ ವರ್ಷ, ಅಂದರೆ ಹೋದ ವರ್ಷ, ಇದನ್ನೇ ಹಿಡಿದೆವು. ಆರು ಲೋಟಕ್ಕೆ ತೊಟ್ಟು, ಮೂರಕ್ಕೆ ಕುದಿಸಿದ ತೊಟ್ಟು, ಮೂರಕ್ಕೆ ಏನೂ ಇಲ್ಲ. ಸಂಜೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಜೊತೆ ಇಟ್ಟು, ಸ್ಕೂಟರಿನಲ್ಲಿ ಮನೆಗೆ ಒಯ್ದೆ. (ಬಾಟಲಿ ಎಷ್ಟು, ಎಲ್ಲಿಡಬೇಕು, ಯಾವಾಗ ಬದಲಿಸಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನನ್ನ ಒಂದು ಇಡೀ ಚಳಿಗಾಲ ಹೋಗಿದೆ.) ಬೆಳಿಗ್ಗೆ ತೊಟ್ಟಿನ ಆರರಲ್ಲಿ ನಾಲ್ಕು ಹೆಪ್ಪುಗಟ್ಟಿದ್ದವು. ತೆಳ್ಳಗೆ, ಒಂಥರಾ ವಾಸನೆ. ಉಳಿದದ್ದೆಲ್ಲ ಹಾಲು.

"ನೋಡಿ, ತೊಟ್ಟಿನ ಮೇಲಿದ್ದ ಜೀವಿಗಳು ಕುದಿಸಿದಾಗ ಸತ್ತವು" ಅಂದೆ, ಹೆಮ್ಮೆಯಿಂದ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಕುದಿಸಿದರೆ ತೊಟ್ಟಿನ ರಸವೂ ಕೆಟ್ಟಿರಬಹುದಲ್ವಾ ಮಿಸ್? ಜೀವಿ ಅಂತ ಹೆಂಗೆ ಹೇಳ್ತೀರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಗೊತ್ತಿಲ್ಲದೆ ಅವನು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಪಕ್ಷ ಸೇರಿದ್ದ. ಹಾಲು ಹುಳಿಯಾಗಿಸುವುದು ಜೀವಿಗಳು ಅಂತ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ 1857ರಲ್ಲಿ ಹೇಳಿದರೂ, ಇದೆಲ್ಲ ಬರೀ ರಾಸಾಯನಿಕ ಕ್ರಿಯೆ ಅಂತ ಲೀಬಿಗ್ ಹಟ ಹಿಡಿದಿದ್ದರು. ಪಿಯು ಕಾಲೇಜಿನಿಂದ ಆಯಿಲ್ ಇಮ್ಮರ್ಷನ್ (ಎಣ್ಣೆ ಹನಿ ಹಾಕಿ ನೋಡುವ ಲೆನ್ಸ್) ಇರುವ ಮೈಕ್ರೋಸ್ಕೋಪ್ ಕಡ ತಂದು, ಮೊಸರನ್ನು ನೀರಾಗಿಸಿ ಮೆಥಿಲೀನ್ ಬ್ಲೂ ಬಣ್ಣ ಹಾಕಿ ತೋರಿಸಿದೆ. ಕಡ್ಡಿಗಳು, ಚುಕ್ಕಿಗಳು ಕಂಡವು. "ಅವು ಅಲ್ಲಿವೆ ಸರಿ, ಕೆಲಸ ಅವೇ ಮಾಡಿದ್ದು ಅಂತ ಏನು ಗ್ಯಾರಂಟಿ?" ಅಂದ. ಸಿಟ್ಟು ಬಂತು. ಆದರೆ ಹುಡುಗ ಹೇಳಿದ್ದು ಸರಿ.

ಎರಡು ರಾತ್ರಿ ಯೋಚಿಸಿ ಸರಪಳಿ ಮಾಡಿದೆ. ತೊಟ್ಟಿನ ಮೊಸರಿನಿಂದ ಒಂದು ಚಮಚ, ಸುಮಾರು 5 ಎಂಎಲ್, ಹೊಸ 200 ಎಂಎಲ್ ಹಾಲಿಗೆ. ಅದರಿಂದ ಒಂದು ಚಮಚ ಇನ್ನೊಂದಕ್ಕೆ. ಹೀಗೆ ನಾಲ್ಕು ಸಲ. ಪ್ರತಿ ಸಲ ಕುದಿಸಿದ ಬೇರೆ ಚಮಚ, ಪ್ರತಿ ಸಲ ಹೆಪ್ಪು ಹಾಕದ ಒಂದು ಲೋಟ. ಪಕ್ಕದಲ್ಲೇ ನಿಂಬೆಹಣ್ಣಿನ ಸರಪಳಿ. ಅದು ಒಬ್ಬ ಹುಡುಗಿಯ ಐಡಿಯಾ, ನನ್ನದಲ್ಲ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದರೆ ತಕ್ಷಣ ಒಡೆಯುತ್ತೆ. ಅದರಲ್ಲಿ ಒಂದು ಚಮಚ ಮುಂದಿನ ಲೋಟಕ್ಕೆ ಹಾಕಿದರೆ?

ಏನೂ ಆಗಲಿಲ್ಲ. ನಿಂಬೆಯ ಕಥೆ ಎರಡನೇ ಲೋಟಕ್ಕೇ ಮುಗಿಯಿತು. ತೊಟ್ಟಿನದ್ದು ಲೋಟದಿಂದ ಲೋಟಕ್ಕೆ ಇನ್ನೂ ಗಟ್ಟಿಯಾಗುತ್ತ ಹೋಯಿತು. ಐದನೆಯದು ಮನೆಯ ಮೊಸರಿನ ಹಾಗೇ ಇತ್ತು. ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದೆ. ಒಂದು ಸಲ ದಾಟಿದರೆ ಸುಮಾರು 40ರಲ್ಲಿ ಒಂದು ಪಾಲು, ಎರಡು ಸಲಕ್ಕೆ 1,600, ಮೂರಕ್ಕೆ 64,000, ನಾಲ್ಕಕ್ಕೆ 25,60,000. ಇಷ್ಟು ತೆಳುವಾದ ರಸ ಹೆಚ್ಚು ಹೆಚ್ಚು ಕೆಲಸ ಮಾಡುವುದು ಹೇಗೆ? ತನ್ನಷ್ಟಕ್ಕೆ ತಾನೇ ಹೆಚ್ಚಾಗುವಂಥದ್ದು ಯಾವುದು? ಆ ಹುಡುಗ ಒಂದು ನಿಮಿಷ ಸುಮ್ನೆ ಕೂತಿದ್ದ. ಆಮೇಲೆ "ಮರಿ ಹಾಕ್ತಾ ಇದೆ ಮಿಸ್" ಅಂದ. ಕೋಶ ವಿಭಜನೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಪೀಠಿಕೆ ನನಗೆ ಸಿಕ್ಕಿಲ್ಲ.

ಇದೆಲ್ಲ ನಡೆದದ್ದು ಚೀಟಿಯಿಂದ. ಲೋಟ ತೆರೆಯುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆ, ಅದಕ್ಕೆ ಕಾರಣ ಬರೆದು ಡಬ್ಬಿಗೆ ಹಾಕಬೇಕು. ಆಮೇಲೆ ತಿದ್ದುವ ಹಾಗಿಲ್ಲ. ತಪ್ಪು ಊಹೆಗೆ ಅಂಕ ಕಳೆಯಲ್ಲ, ಕಾರಣ ಇಲ್ಲದ ಊಹೆಗೆ ಕಳೆಯುತ್ತೇನೆ. ಚೀಟಿಯಲ್ಲಿ ಕೇಳುವ ಮೂರನೇ ಪ್ರಶ್ನೆಯೊಂದಿದೆ, ಅದನ್ನು ನನ್ನ ಕ್ಲಾಸಿಗೆ ಬಂದೇ ನೋಡಿ.

ಒಂದು ಚೀಟಿಯಲ್ಲಿ ಹೆಸರಿರಲಿಲ್ಲ. "ಹೊರಗಿದ್ದಾಗ ಹೆಪ್ಪು ಹಾಕಿದರೆ ಮೊಸರಾಗಲ್ಲವಂತೆ. ನಿಜವಾ?" ಓದಿ ಮಡಿಸಿಟ್ಟೆ. ಆ ತಿಂಗಳು ನನ್ನ ದಿನಗಳಲ್ಲಿ ನಾಲ್ಕು ಲೋಟಕ್ಕೆ ನಾನೇ ಹೆಪ್ಪು ಹಾಕಿದೆ, ನಾಲ್ಕಕ್ಕೆ ಕನ್ನಡ ಮೇಡಂ ಹಾಕಿದರು. ಹಿಂದಿ ಮೇಡಂ ನಂಬರ್ ಅಂಟಿಸಿ, ಯಾವುದು ಯಾರದು ಅನ್ನುವುದನ್ನು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಬೀಗ ಹಾಕಿದರು. ಮಕ್ಕಳು ಚಮಚ ನಿಲ್ಲಿಸಿ ಗಟ್ಟಿತನಕ್ಕೆ ಅಂಕ ಕೊಟ್ಟರು. ಕವರ್ ತೆರೆದು ಬರೀ ನಂಬರ್ ಓದಿದೆ: 'ಎ' ಗುಂಪು, 'ಬಿ' ಗುಂಪು, ಅಂಕ ಹೆಚ್ಚು ಕಡಿಮೆ ಒಂದೇ. ಗುಂಪು ಮಾಡಿದ್ದು ಯಾವುದರ ಮೇಲೆ ಅಂತ ಹುಡುಗಿಯರಿಗೆ ಮಾತ್ರ ಆಮೇಲೆ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಇಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಖರ್ಚು ಕೇಳುವವರಿಗೆ: ಹೋದ ವರ್ಷ ಒಟ್ಟು 1,800 ರೂಪಾಯಿ ಆಸುಪಾಸು. ಹಾಲೇ ಮುಕ್ಕಾಲು ಪಾಲು. ಕ್ಷೀರಭಾಗ್ಯದ ಪುಡಿ ಮುಟ್ಟಿಲ್ಲ, ಮುಟ್ಟಲೂ ಬೇಡಿ, ಅದು ಮಕ್ಕಳು ಕುಡಿಯುವುದು. ಥರ್ಮೋಕೋಲ್ ಪೆಟ್ಟಿಗೆ ಮೆಡಿಕಲ್ ಶಾಪಿನಲ್ಲಿ ಬಿಟ್ಟಿ. ಹುಳಿ ಅಳೆಯುವ ಪಿಎಚ್ ಪೇಪರ್ ದುಬಾರಿ ಅನ್ನಿಸಿ ದಾಸವಾಳದ ಹೂವಿನ ರಸಕ್ಕೆ ಬಂದೆವು. ಹಾಲಿಗೂ ಮೊಸರಿಗೂ ಬಣ್ಣದ ವ್ಯತ್ಯಾಸ ಗೊತ್ತಾಗುತ್ತೆ, ಆದರೆ ಎಷ್ಟು ಹುಳಿ ಅಂತ ಹೇಳಲು ಆಗಲ್ಲ. ಪ್ರಯೋಗದ ಮೊಸರನ್ನು ಯಾರಿಗೂ ತಿನ್ನಿಸಬೇಡಿ, ಗಿಡದ ಬುಡಕ್ಕೆ ಹಾಕಿ.

ಸರಪಳಿಯನ್ನು ಹನ್ನೊಂದನೇ ಲೋಟದವರೆಗೆ ಎಳೆದಿದ್ದೆವು. ಬೇಸಿಗೆ ರಜೆಗೆ ಆ ಹುಡುಗ ಮನೆಗೆ ಒಯ್ದ, ಅವರಜ್ಜಿ ಹುಳಿ ಜಾಸ್ತಿಯಾಗಿದೆ ಅಂತ ಚೆಲ್ಲಿಬಿಟ್ಟರು. ಈ ವರ್ಷದ ಮಕ್ಕಳ ಪ್ರಶ್ನೆ, ಒಣಮೆಣಸಿನಕಾಯಿ ತೊಟ್ಟಾದರೆ ಆಗುತ್ತಾ ಅಂತ. 38 ಚೀಟಿ ಬಂದಿವೆ, ಆಗುತ್ತೆ ಅಂದವರು 21. ಲೋಟಗಳು ಪೆಟ್ಟಿಗೆಯಲ್ಲಿವೆ, ನಾಳೆ ಹತ್ತು ಗಂಟೆಗೆ ತೆರೆಯುತ್ತೇವೆ.